ಹ್ಯೂ ಅಂದರೆ ಮುಂದೆ

ಕಿಲಿಯಾನ್ ರೋಟ್ಲೈನ್ ಮಾತು ಕಲಿತದ್ದೇ ಕುದುರೆಗಳ ಹಿಂದೆ ಕೂತು ಎಂದು ಅವನ ತಾಯಿ ಹೇಳುತ್ತಿದ್ದಳು. ಅಪ್ಪ ನಮ್ಮ ಸ್ಟೆಟ್‌ಹೈಮಿನ ಬಿಯರ್ ಭಟ್ಟಿಯ ಗಾಡಿ ಹೊಡೆಯುತ್ತಿದ್ದವನು. ಪೀಪಾಯಿಗಳ ನಡುವೆ ಬೆಳೆದ ಹುಡುಗನಿಗೆ ಮೊದಲು ಬಂದ ಪದಗಳು ನಾಲ್ಕೇ. ವಿಸ್ಟ್ ಅಂದರೆ ಎಡಕ್ಕೆ, ಹೊಟ್ ಅಂದರೆ ಬಲಕ್ಕೆ, ಓಹಾ ಅಂದರೆ ನಿಲ್ಲು, ಹ್ಯೂ ಅಂದರೆ ಮುಂದೆ ನಡೆ. ನಮ್ಮ ಫ್ರಾಂಕೋನಿಯಾ ಸೀಮೆಯ ಯಾವ ಕುದುರೆಯನ್ನು ಕೇಳಿದರೂ ಇದೇ ಅರ್ಥ ಹೇಳುತ್ತದೆ. ದೂರದ ಬಡಗಣ ಸಮುದ್ರದ ಕಡೆಯವರಿಗೆ ಮಾತ್ರ ಹ್ಯೂ ಅಂದರೆ ಎಡಕ್ಕೆ. ಅವರ ಕುದುರೆಗಳು ಹೇಗೆ ಮನೆ ಸೇರುತ್ತವೋ ದೇವರೇ ಬಲ್ಲ.

ಕುದುರೆಯಿಂದ ಕಿಲಿಯಾನ್ ಲಾರಿಗೆ ಬಂದ, ಲಾರಿಯಿಂದ ಟ್ರ್ಯಾಕ್ಟರಿಗೆ. ಯುದ್ಧ ಶುರುವಾದ ಮೇಲೆ ಅವನನ್ನು ಪಟ್ಟಣದ ಟ್ಯಾಂಕು ಕಾರ್ಖಾನೆಗೆ ಕರೆಸಿಕೊಂಡರು. ಜೋಡಣೆ ಮುಗಿದು ಹೊರಬಂದ ಹೊಸ ಟ್ಯಾಂಕುಗಳನ್ನು ಗುಡ್ಡ, ಕೆಸರು, ಹಳ್ಳಗಳಲ್ಲಿ ಓಡಿಸಿ ನೋಡುವುದು ಅವನ ಕೆಲಸ. ಹೆಂಡತಿ ಕುನಿ ಮತ್ತು ಮಗಳು ಅಫ್ರಾ ಊರಲ್ಲೇ ಉಳಿದರು, ಚರ್ಚಿನ ಪಕ್ಕದ ಮನೆಯಲ್ಲಿ.

ಪ್ಯಾಂಥರ್ ಟ್ಯಾಂಕನ್ನು ಮೊದಲ ಸಲ ಕಂಡಾಗ ಅವನು ನಿಜಕ್ಕೂ ಮರುಳಾದ. ಮುಂದಿನ ದಪ್ಪ ಕಬ್ಬಿಣವನ್ನು ಇಳಿಜಾರಾಗಿ ಕೂರಿಸಿದ್ದರಿಂದ ಎದುರಿನಿಂದ ಬಂದ ಗುಂಡು ಜಾರಿ ಹೋಗಬೇಕು. ಫಿರಂಗಿಯ ಕೊಳವೆ ಎಷ್ಟು ಉದ್ದವೆಂದರೆ ಊರೊಳಗೆ ತಿರುಗಿಸುವಾಗ ಯಾರ ಮನೆಯ ಕಿಟಕಿಗೆ ಹೊಕ್ಕೀತೋ ಎಂದು ಭಯವಾಗಬೇಕು. ಚಕ್ರಗಳನ್ನು ಸುತ್ತಿದ ಕಬ್ಬಿಣದ ಚೈನು ಅಗಲವಾಗಿದ್ದುದರಿಂದ ಕೆಸರಿನಲ್ಲಿ ಹೂಳುತ್ತಿರಲಿಲ್ಲ. ಒಂದರ ಮೇಲೊಂದು ಹೆಣೆದ ಹಾಗಿದ್ದ ಚಕ್ರಗಳ ಮೇಲೆ ಅದು ಉಬ್ಬು ತಗ್ಗಿನಲ್ಲಿ ತೊಟ್ಟಿಲಿನ ಹಾಗೆ ತೂಗುತ್ತಾ ಓಡುತ್ತಿತ್ತು. ಅಷ್ಟು ತೂಕದ್ದು ಅಷ್ಟು ಜೋರಾಗಿ ಗುಡ್ಡ ಹತ್ತುವುದನ್ನು ಅವನು ಕಂಡಿರಲಿಲ್ಲ.

ಆದರೆ ಮರುಳು ಬೇಗನೆ ಇಳಿಯಿತು. ದೊಡ್ಡ ಕುರ್ಚಿಯಲ್ಲಿ ಕೂತವರು ಇನ್ನೂ ಸ್ವಲ್ಪ ಕಬ್ಬಿಣ, ಇನ್ನೂ ಸ್ವಲ್ಪ ಕಬ್ಬಿಣ ಎನ್ನುತ್ತಾ ತೂಕ ಏರಿಸಿದ್ದರು. ಎಂಜಿನ್ನಿನ ಬಲವನ್ನು ಚೈನಿಗೆ ದಾಟಿಸುವ ಪಕ್ಕದ ಗೇರು ಮಾತ್ರ ಹಳೆಯ ತೂಕದ ಲೆಕ್ಕದ್ದೇ. ಅದಕ್ಕಿಂತ ಗಟ್ಟಿ ಗೇರು ಕೊರೆಯಲು ಬೇಕಾದ ಯಂತ್ರಗಳೂ ಇರಲಿಲ್ಲ, ಸಮಯವೂ ಇರಲಿಲ್ಲ. ನೇರ ಹೋದರೆ ಹುಲಿ, ತಿರುಗಿದರೆ ಹಲ್ಲುದುರಿದ ಮುದುಕ ಎಂದು ಓಡಿಸುವವರು ತಮ್ಮಲ್ಲೇ ಆಡಿಕೊಳ್ಳುತ್ತಿದ್ದರು. ಒಂದು ಚೈನನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಎಳೆದು ನಿಂತಲ್ಲೇ ಸುತ್ತುವ ಸೌಲಭ್ಯವೂ ಅದಕ್ಕಿತ್ತು. ಗಟ್ಟಿ ನೆಲದಲ್ಲಿ, ಅದರಲ್ಲೂ ಏರಿನಲ್ಲಿ, ಹಾಗೆ ಸುತ್ತಿದರೆ ಒಳಗಿನಿಂದ ಟಕ್ಕೆಂದು ಒಂದು ಸದ್ದು ಬರುತ್ತಿತ್ತು. ಆಮೇಲೆ ಎಳೆದುಕೊಂಡು ಹೋಗಲು ಎರಡು ಗಾಡಿ ಬೇಕಾಗುತ್ತಿದ್ದವು.

ಆ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದವರಲ್ಲಿ ಎಷ್ಟೋ ಜನ ಬೇರೆ ದೇಶಗಳಿಂದ ಹಿಡಿದು ತಂದವರು. ಹೊಟ್ಟೆಗೆ ನೀರಿನಂಥ ಗಂಜಿ ಬಿಟ್ಟರೆ ಬೇರೆ ಕಾಣದವರು. ಕಿಲಿಯಾನ್ ಅವರ ಮುಖ ನೋಡದೆ ಗಾಡಿ ಹೊರಗೆ ತೆಗೆಯುತ್ತಿದ್ದ. ಇದು ಯಾರ ಊರಿಗೆ ಹೋಗುತ್ತದೆ ಎಂದು ಅವನು ತನ್ನನ್ನೇ ಕೇಳಿಕೊಂಡವನಲ್ಲ. ಕೇಳಿಕೊಂಡದ್ದು ತನ್ನ ಊರಿನ ಸರದಿ ಬಂದಾಗ.

ಕೊನೆಯ ಚಳಿಗಾಲದಲ್ಲಿ ಟ್ಯಾಂಕು ಓಡಿಸುವವರೇ ಸಾಕಷ್ಟು ಉಳಿದಿರಲಿಲ್ಲ. ನಲವತ್ತು ದಾಟಿದ ಕಿಲಿಯಾನನಿಗೂ ಸಮವಸ್ತ್ರ ತೊಡಿಸಿ ಒಂದು ಪ್ಯಾಂಥರಿನೊಳಗೆ ಕೂರಿಸಿದರು. ಮೇಲೆ ತಿರುಗುವ ಫಿರಂಗಿ ಗೋಪುರದಲ್ಲಿ ನಿಂತು ಅಪ್ಪಣೆ ಕೊಡುವವನು ಲೆಫ್ಟಿನೆಂಟ್ ಹಾರ್ಮ್ ಟಾಡೆನ್, ಸಮುದ್ರ ತೀರದ ಬಡಗಣ ಹುಡುಗ, ಮೀಸೆ ಇನ್ನೂ ನೆಟ್ಟಗೆ ಮೂಡಿರಲಿಲ್ಲ. ಅವನ ಪಕ್ಕದಲ್ಲಿ ಫಿರಂಗಿಗೆ ಗುಂಡು ತುಂಬುವವನು ಸೈಲೀಸಿಯಾದ ಪೊಶ್ಮನ್, ಗಣಿಯಲ್ಲಿ ದುಡಿದ ಗಟ್ಟಿ ಆಳು, ಬಾಯಿ ಅದಕ್ಕಿಂತ ಗಟ್ಟಿ. ಉಳಿದಿಬ್ಬರು, ಗುರಿ ಹಿಡಿಯುವವನೂ ರೇಡಿಯೋದವನೂ, ಮಾತಿಗಿಂತ ನಿದ್ದೆಯನ್ನೇ ಹೆಚ್ಚು ಪ್ರೀತಿಸಿದವರು.

ಎಂಜಿನ್ನಿನ ಅಬ್ಬರದಲ್ಲಿ ಕಿವಿಗೆ ಕಟ್ಟಿದ ಫೋನಿನೊಳಗೆ ಎಡ ಬಲ ಎಂದರೆ ಕಿಲಿಯಾನನ ಕೈ ಒಂದು ಕ್ಷಣ ತಡವರಿಸುತ್ತಿತ್ತು. ವಿಸ್ಟ್, ಹೊಟ್ ಎಂದರೆ ಕೈ ತಾನಾಗಿಯೇ ಲಿವರ್ ಎಳೆಯುತ್ತಿತ್ತು. ಹಾಗಾಗಿ ಅವನ ಗಾಡಿಯಲ್ಲಿ ಕುದುರೆ ಮಾತೇ ಅಪ್ಪಣೆಯ ಮಾತು. ಲೆಫ್ಟಿನೆಂಟನಿಗೆ ಇದು ಭಾರೀ ಹಿಡಿಸಿತು.

"ನಮ್ಮಜ್ಜನ ಹತ್ರಾನೂ ಕುದುರೆ ಇದ್ವು ರೋಟ್ಲೈನ್. ನನಗೆ ಗೊತ್ತು ಬಿಡಿ ಈ ಭಾಷೆ" ಎಂದ.

ಗೊತ್ತಿದ್ದ ಭಾಷೆಯ ಫಲ ಮಾರನೆಯ ದಿನವೇ ಕಂಡಿತು. ಒಂದು ಹಳ್ಳಿಯ ತಿರುವಿನಲ್ಲಿ ಲೆಫ್ಟಿನೆಂಟ್ "ಹ್ಯೂ!" ಎಂದ. ಕಿಲಿಯಾನ್ ನೇರ ಹೋದ. "ಹ್ಯೂ! ಹ್ಯೂ ಅಂದೆ!" ಎಂದು ಅವನು ಕಿರುಚಿದ. ಕಿಲಿಯಾನ್ ಇನ್ನೂ ಜೋರಾಗಿ ನೇರ ಹೋದ. ಟ್ಯಾಂಕು ಒಬ್ಬ ರೈತನ ಕೊಟ್ಟಿಗೆಯ ಒಂದು ಗೋಡೆಯಿಂದ ಹೊಕ್ಕು ಇನ್ನೊಂದು ಗೋಡೆಯಿಂದ ಹೊರಬಂತು. ಗೋಪುರದ ಮೇಲೆ ಅರ್ಧ ಬಣವೆ ಹುಲ್ಲು, ಅದರೊಳಗೆ ಲೆಫ್ಟಿನೆಂಟ್.

"ಎಡಕ್ಕೆ ತಿರುಗಿ ಅಂದ್ರೆ ಕೊಟ್ಟಿಗೆಗೆ ನುಗ್ತೀರಲ್ರೀ!"

"ಎಡ ಅಂತ ಎಲ್ಲಿ ಅಂದ್ರಿ ಸಾಹೇಬ್ರೆ? ಹ್ಯೂ ಅಂದ್ರಿ. ಹ್ಯೂ ಅಂದ್ರೆ ಮುಂದೆ."

"ಯಾವೂರಲ್ಲಿ?"

"ಕುದುರೆ ನೆಟ್ಟಗಿರೋ ಊರಲ್ಲೆಲ್ಲ."

ಪೊಶ್ಮನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಾಹೇಬ್ರು ಹುಲ್ಲು ತಿನ್ನೋ ಮೊದ್ಲು ಒಂದು ಒಪ್ಪಂದ ಮಾಡ್ಕೊಳ್ಳಿ" ಎಂದ. ಒಪ್ಪಂದವಾಯಿತು. ಎಡಕ್ಕೆ ವಿಸ್ಟ್, ಬೇರೆ ಮಾತಿಲ್ಲ. ಅಂದಿನಿಂದ ಲೆಫ್ಟಿನೆಂಟ್ ಒಂದೇ ಒಂದು ಸಲವೂ ತಪ್ಪಲಿಲ್ಲ.

ಏಪ್ರಿಲ್ ತಿಂಗಳಲ್ಲಿ ಅಮೆರಿಕನ್ನರು ಹಿಂದಟ್ಟಿಕೊಂಡು ಬರುತ್ತಿದ್ದರು. ಜೊತೆಯ ಟ್ಯಾಂಕುಗಳು ಒಂದೊಂದಾಗಿ ದಾರಿಯಲ್ಲೇ ಉಳಿದವು. ಗುಂಡಿಗೆ ಬಲಿಯಾದವು ಕಡಿಮೆ, ಗೇರು ಹೋದವು ಹೆಚ್ಚು. ಕಿಲಿಯಾನನ ಗಾಡಿ ಅವನ ನಯವಾದ ಕೈಯಿಂದಾಗಿ ಇನ್ನೂ ನಡೆಯುತ್ತಿತ್ತು. ಆದರೆ ಬಲಗಡೆಯ ಗೇರು ಎರಡು ದಿನದಿಂದ ಮುಲುಗುತ್ತಿತ್ತು. ಆ ಮುಲುಗನ್ನು ಕೇಳುತ್ತಾ ಅವನು ತಲೆಯೆತ್ತಿ ನೋಡಿದಾಗ ಕಂಡದ್ದು ಸ್ಟೆಟ್‌ಹೈಮಿನ ಚರ್ಚಿನ ಗೋಪುರ. ಹಿಂದೆ ಸರಿಯುತ್ತಾ ಸರಿಯುತ್ತಾ ಯುದ್ಧ ಅವನನ್ನು ಅವನ ಮನೆಬಾಗಿಲಿಗೇ ತಂದಿತ್ತು.

ಬಿಯರ್ ಭಟ್ಟಿಯ ಮುಂದೆ ಟ್ಯಾಂಕು ನಿಲ್ಲಿಸಿದರು. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಚರ್ಚಿನ ಕಡೆ ಒಂದು ಬಾಗಿಲು ತೆರೆಯಿತು. ಕೈಯಲ್ಲಿ ದ್ರಾಕ್ಷಾರಸದ ಹೂಜಿ ಹಿಡಿದು ಬಂದವಳು ಕುನಿ. ಮುಂದಿನ ಕಿಂಡಿಯಿಂದ ತಲೆ ಹೊರಹಾಕಿದ ಗಂಡನನ್ನು ಕಂಡು ಅವಳು ಅಳಲೂ ಇಲ್ಲ, ನಗಲೂ ಇಲ್ಲ.

"ಈ ಪೀಡೆನ ಇಲ್ಲಿಗ್ಯಾಕೆ ತಂದೆ?"

"ನಾನು ತರ್ಲಿಲ್ಲ ಕುನಿ. ಕಳಿಸಿದ್ರು."

"ನಮ್ಮನೆ ನೆಲಮಾಳಿಗೇಲಿ ಅರ್ಧ ಬೀದಿ ಜನ ಕೂತಿದಾರೆ. ಅಫ್ರಾ ಇದಾಳೆ. ಭಟ್ಟಿ ಯಜಮಾನರ ಮುದುಕಿ ತಾಯಿ ಇದಾರೆ. ಇದು ಇಲ್ಲಿ ನಿಂತು ಒಂದು ಗುಂಡು ಹಾರಿಸ್ತು ಅನ್ನು. ಅವರು ಊರನ್ನ ಉಳಿಸ್ತಾರಾ? ಪಕ್ಕದೂರಿಗೆ ಏನಾಯ್ತು ನೋಡ್ಲಿಲ್ವಾ? ಹೊಗೆ ಇನ್ನೂ ಕಾಣ್ತಿದೆ."

"ನನ್ನ ಕೈಲಿ ಏನಿದೆ ಹೇಳು?"

"ಲಿವರ್ ಯಾರ ಕೈಲಿದೆ ಮತ್ತೆ?" ಎಂದಳು ಕುನಿ.

ಅಷ್ಟರಲ್ಲಿ ಮೋಟಾರ್‌ಸೈಕಲ್ಲಿನಲ್ಲಿ ಬಂದವನೊಬ್ಬ ಅಪ್ಪಣೆ ಕೂಗಿ ಹೇಳಿ ಹಾಗೆಯೇ ಹೊರಟುಹೋದ. ಚರ್ಚಿನ ಅಂಗಳಕ್ಕೆ ಹೋಗಿ ಸ್ಮಶಾನದ ಗೋಡೆಯ ಮರೆಯಲ್ಲಿ ನಿಲ್ಲಬೇಕು, ಬೀದಿಗೆ ಬಂದ ಶತ್ರುವನ್ನು ಹೊಡೆಯಬೇಕು, ಕತ್ತಲಾಗುವ ತನಕ ಕದಲಕೂಡದು. ಕದಲಿದವರಿಗೆ ಹಗ್ಗ. ಹಗ್ಗದ ಮಾತು ಬರಿಯ ಬೆದರಿಕೆಯಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ದಾರಿಯ ಮರಗಳಲ್ಲಿ ತೂಗುತ್ತಿದ್ದವರನ್ನು ಅವರು ಆ ವಾರವಿಡೀ ನೋಡುತ್ತಾ ಬಂದಿದ್ದರು.

ಲೆಫ್ಟಿನೆಂಟ್ ಕುನಿಯ ಕಡೆ ನೋಡಿದ. ಆಮೇಲೆ ಕಿಲಿಯಾನನ ಕಡೆ.

"ನಿಮ್ಮ ಮನೆ ಯಾವುದು ರೋಟ್ಲೈನ್?"

"ಚರ್ಚಿಗೆ ಅಂಟಿಕೊಂಡಿರೋದು ಸಾಹೇಬ್ರೆ. ಹಸಿರು ಬಾಗಿಲು."

ಅವನು ಇನ್ನೇನೂ ಕೇಳಲಿಲ್ಲ. "ಎಲ್ಲರೂ ಹತ್ತಿ" ಎಂದ. ಕುನಿ ಹೂಜಿಯನ್ನು ಪೊಶ್ಮನನ ಕೈಗೆ ಕೊಟ್ಟು, ಗಂಡನ ಮುಖ ನೋಡದೆ ನೆಲಮಾಳಿಗೆಗೆ ಓಡಿದಳು.

ಭಟ್ಟಿಯಿಂದ ಚರ್ಚಿನ ತಿರುವಿಗೆ ದೂರ ಬಹಳವಿಲ್ಲ. ಅಲ್ಲಿ ಎಡಕ್ಕೆ ತಿರುಗಿದರೆ ಅಂಗಳ. ನೇರ ಹೋದರೆ ವೆರ್ನ್ ಹೊಳೆಯ ಕಲ್ಲುಸೇತುವೆ, ಅದರಾಚೆ ದ್ರಾಕ್ಷಿ ತೋಟಗಳ ಕಡಿದಾದ ಏರು. ಕಿಲಿಯಾನ್ ನಿಧಾನವಾಗಿ ಬಿಟ್ಟ. ಬಲಗಡೆಯ ಗೇರು ನರಳುತ್ತಿತ್ತು. ಕಿಂಡಿಯ ಗಾಜಿನಲ್ಲಿ ಹಸಿರು ಬಾಗಿಲು ದೊಡ್ಡದಾಗುತ್ತಾ ಬಂತು. ಈಗ ಲೆಫ್ಟಿನೆಂಟ್ ವಿಸ್ಟ್ ಎನ್ನುತ್ತಾನೆ, ಈಗ ಎನ್ನುತ್ತಾನೆ ಎಂದು ಅವನ ಕಿವಿಯೆಲ್ಲ ಫೋನಿನಲ್ಲಿತ್ತು. ವಿಸ್ಟ್ ಎಂದರೆ ತನ್ನ ಕೈ ಎಳೆದೇಬಿಡುತ್ತದೆ, ಆ ಕೈಯನ್ನು ತಾನು ತಡೆಯಲಾರೆ ಎಂಬುದು ಅವನಿಗೆ ಗೊತ್ತಿತ್ತು. ಹೆದರಿದ್ದ, ತನ್ನ ಕೈಗೇ ಹೆದರಿದ್ದ.

ತಿರುವು ಬಂತು. ಫೋನು ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಲೆಫ್ಟಿನೆಂಟನ ಧ್ವನಿ ಸ್ಪಷ್ಟವಾಗಿ ಕೇಳಿಸಿತು.

"ಹ್ಯೂ!"

ಹುಡುಗ ಗಾಬರಿಯಲ್ಲಿ ಮರೆತಿದ್ದಾನೆ, ಅಜ್ಜನ ಭಾಷೆ ಬಾಯಿಗೆ ಬಂದಿದೆ ಎಂದು ಕಿಲಿಯಾನನಿಗೆ ತಕ್ಷಣ ಹೊಳೆಯಿತು. ಅವನು ಹೇಳಿದ್ದು ಎಡಕ್ಕೆ ಎಂದು ಕಿಲಿಯಾನನಿಗೆ ಗೊತ್ತು. ಗೊತ್ತಿಲ್ಲವೆಂದು ಯಾರಾದರೂ ಆಣೆ ಇಡಬಹುದೇ? ಇಡಬಹುದು. ನಮ್ಮ ಸೀಮೆಯ ಯಾವ ಕುದುರೆಯಾದರೂ ಇಡುತ್ತದೆ. ಕಿಲಿಯಾನ್ ಎರಡೂ ಲಿವರ್ ಮುಟ್ಟದೆ ಎಂಜಿನ್ನಿಗೆ ಕಾಲು ಒತ್ತಿದ. ಹಸಿರು ಬಾಗಿಲು ಎಡಗಡೆಯಿಂದ ಹಿಂದೆ ಸರಿದುಹೋಯಿತು.

ಸೇತುವೆಯ ಕಲ್ಲುಗಳು ಕೆಳಗೆ ಕಟಕಟಿಸಿದವು. ಬಿಯರ್ ಗಾಡಿಗಾಗಿ ಕಟ್ಟಿದ ಸೇತುವೆ ಅದು. ಮುರಿದರೆ ಎಲ್ಲರೂ ಹೊಳೆಯಲ್ಲಿ. ಅವನು ಗೇರು ಬದಲಿಸದೆ, ಒಂದೇ ವೇಗದಲ್ಲಿ ದಾಟಿಸಿದ. ಆಚೆ ದಡ ಮುಟ್ಟಿದ ಮೇಲೆ ಫೋನಿನಲ್ಲಿ ಧ್ವನಿ ಬಂತು.

"ರೋಟ್ಲೈನ್, ನಾನು ಹೇಳಿದ್ದು ಎಡಕ್ಕೆ."

"ನೀವು ಹ್ಯೂ ಅಂದ್ರಿ ಸಾಹೇಬ್ರೆ."

"ಹೌದಾ? ಹಾಗಂದ್ನಾ?" ಎಂದವನು ಮತ್ತೆ ಕೇಳಿದ, "ಹಿಂದಕ್ಕೆ ತಗೊಂಡು ಹೋಗಬಹುದಾ?"

"ಸೇತುವೆ ಮೇಲೆ ಹಿಮ್ಮುಖವಾಗಿ ಹೋಗಿ ತಿರುಗಿಸಿದ್ರೆ ಬಲಗಡೆ ಗೇರು ಉಳಿಯಲ್ಲ. ಸೇತುವೇಲೇ ಕೂತ್ಬಿಡತ್ತೆ."

"ಹಾಗಾದ್ರೆ ಮುಂದೆ ನಡೀರಿ" ಎಂದ ಲೆಫ್ಟಿನೆಂಟ್.

ಏರಿನ ಅರ್ಧಕ್ಕೆ ಬಂದಿದ್ದರು, ಅಷ್ಟೆ. ಮೇಲಿನಿಂದ ಒಂದು ತೆರೆದ ಕಾರು ಬಂದು ದಾರಿಗೆ ಅಡ್ಡ ನಿಂತಿತು. ಅದರಲ್ಲಿ ಒಬ್ಬ ಮೇಜರ್, ಎದೆಯ ಮೇಲೆ ತಗಡಿನ ಬಿಲ್ಲೆ ತೂಗಿಸಿಕೊಂಡ ಇಬ್ಬರು ಮಿಲಿಟರಿ ಪೊಲೀಸರು. ಹಿಂದಿನ ಸೀಟಿನ ಮೇಲೆ ಸುತ್ತಿಟ್ಟ ಹಗ್ಗ.

"ಇಳೀರಿ ಎಲ್ಲ!" ಎಂದ ಮೇಜರ್. "ಯಾರಪ್ಪಣೆ ಮೇಲೆ ಜಾಗ ಬಿಟ್ಟು ಬಂದ್ರಿ?"

ಲೆಫ್ಟಿನೆಂಟ್ ಬಾಯಿ ತೆರೆಯುವ ಮೊದಲೇ ಮೇಜರ್ ಕಿಲಿಯಾನನ ಕಡೆ ಬೆರಳು ತೋರಿಸಿದ. "ನೀನು ಹೇಳು. ಗಾಡಿ ಓಡಿಸಿದವನು ನೀನು. ಏನಪ್ಪಣೆ ಕೇಳಿಸ್ತು ನಿನಗೆ?"

ಕಿಲಿಯಾನ್ ಲೆಕ್ಕ ಹಾಕಿದ. ಎಡಕ್ಕೆ ಎಂದಿದ್ದರು, ನಾನೇ ತಪ್ಪಾಗಿ ಕೇಳಿದೆ ಎಂದರೆ ಹಗ್ಗ ತನ್ನ ಕೊರಳಿಗೆ. ಹ್ಯೂ ಎಂದಿದ್ದರು ಎಂದರೆ ಹುಡುಗನ ಕೊರಳಿಗೆ. ಕೆಳಗೆ ಊರಿನ ಹೆಂಚುಗಳು ಬಿಸಿಲಿನಲ್ಲಿ ಕಾಣುತ್ತಿದ್ದವು.

"ಹ್ಯೂ ಅಂದ್ರು ಮೇಜರ್ ಸಾಹೇಬ್ರೆ" ಎಂದ. "ನಮ್ಮ ಕಡೆ ಹ್ಯೂ ಅಂದ್ರೆ ಮುಂದೆ."

"ಹೌದು. ತಪ್ಪು ನನ್ನದೇ" ಎಂದ ಲೆಫ್ಟಿನೆಂಟ್, ಒಂದು ಕ್ಷಣವೂ ತಡಮಾಡದೆ. "ಎಡಕ್ಕೆ ಹೇಳಬೇಕಾಗಿತ್ತು, ನಮ್ಮೂರ ಪದ ಬಾಯಿಗೆ ಬಂತು. ಇವನು ಕೇಳಿದ ಹಾಗೆ ಓಡಿಸಿದ."

ಮೇಜರನಿಗೆ ಕುದುರೆ ಭಾಷೆ ಬೇಕಿರಲಿಲ್ಲ. "ನಿನ್ನ ಪದದ ವಿಚಾರ ಆಮೇಲೆ ನೋಡ್ಕೋತೀನಿ. ಮೊದಲು ಈ ಗಾಡಿ ಕೆಳಗೆ ಹೋಗಬೇಕು. ಇಲ್ಲೇ ತಿರುಗಿಸು. ಈಗಲೇ!"

ದಾರಿ ಇಕ್ಕಟ್ಟು. ಒಂದು ಪಕ್ಕ ತೋಟದ ಕಲ್ಲಿನ ಗೋಡೆ, ಇನ್ನೊಂದು ಪಕ್ಕ ಇಳಿಜಾರು. ತಿರುಗಿಸಬೇಕೆಂದರೆ ನಿಂತಲ್ಲೇ ಸುತ್ತಬೇಕು, ಅದೂ ಏರಿನಲ್ಲಿ, ಕಲ್ಲು ಹಾಸಿದ ನೆಲದ ಮೇಲೆ. ಗೇರು ಉಳಿಯಲ್ಲ ಎನ್ನಲು ಕಿಲಿಯಾನ್ ಬಾಯಿ ತೆರೆದ. ಲೆಫ್ಟಿನೆಂಟ್ ಅವನ ಕಣ್ಣನ್ನೇ ನೋಡುತ್ತಾ, "ಮೇಜರ್ ಸಾಹೇಬ್ರು ಹೇಳಿದ ಹಾಗೆ ಮಾಡಿ. ಒಂದಕ್ಷರ ಆಚೀಚೆ ಬೇಡ" ಎಂದ.

ಕಿಲಿಯಾನ್ ಒಳಗಿಳಿದ. ಜೀವಮಾನದಲ್ಲಿ ಯಾವ ಗಾಡಿಗೂ, ಯಾವ ಕುದುರೆಗೂ ಮಾಡದ ಕೆಲಸವನ್ನು ಅಂದು ಅಪ್ಪಣೆಯ ಮೇಲೆ ಮಾಡಿದ. ಒಂದು ಲಿವರನ್ನು ಪೂರ್ತಿ ಎಳೆದು ಎಂಜಿನ್ನನ್ನು ಕೂಗಿಸಿದ. ಟ್ಯಾಂಕು ನಡುಗಿತು, ಮೂತಿ ಒಂದು ಮೊಳ ಗೋಡೆಯ ಕಡೆ ಸರಿಯಿತು. ಆಮೇಲೆ ಬಲಗಡೆಯಿಂದ ಟಕ್ಕೆಂಬ ಆ ಸದ್ದು ಬಂತು, ಅದರ ಹಿಂದೆಯೇ ಕಬ್ಬಿಣ ಅರೆಯುವ ಸದ್ದು. ಬಲಗಡೆಯ ಚೈನು ಸತ್ತು ಬಿತ್ತು. ಮೇಜರ್ ಎಷ್ಟು ಬೈದರೂ ಅದು ಕದಲಲಿಲ್ಲ. ಬೇಕೆಂದೇ ಕೆಡಿಸಿದೆ ಎನ್ನಲು ಅವನಿಗೆ ಬಾಯಿಲ್ಲ. ಪ್ಯಾಂಥರಿನ ಗೇರಿನ ಕಥೆ ಅಡುಗೆಯವನಿಗೂ ಗೊತ್ತಿತ್ತು, ತಿರುಗಿಸು ಎಂದವನು ತಾನೇ.

ಸಿಟ್ಟಿಗೆ ಒಬ್ಬರು ಬೇಕಿತ್ತು. ಪೊಲೀಸರು ಲೆಫ್ಟಿನೆಂಟನ ಸೊಂಟದ ಪಿಸ್ತೂಲು ಕಿತ್ತುಕೊಂಡು ಅವನನ್ನು ಕಾರಿಗೆ ಹತ್ತಿಸಿದರು. ಅವನು ಹಗ್ಗವನ್ನು ಪಕ್ಕಕ್ಕೆ ಸರಿಸಿ ಕೂತ. ಕಾರು ಹೊರಡುವಾಗ ಕಿಲಿಯಾನನ ಕಡೆ ತಿರುಗಿ ಸಣ್ಣಗೆ ನಕ್ಕ.

"ವಿಸ್ಟ್, ಅಲ್ವಾ ರೋಟ್ಲೈನ್? ಇನ್ನು ಮರೆಯಲ್ಲ ಬಿಡಿ."

ಸಂಜೆ ಅಮೆರಿಕನ್ನರು ಬಂದರು. ಬೀದಿಯಲ್ಲಿ ಟ್ಯಾಂಕಿಲ್ಲ, ಸಿಪಾಯಿಯಿಲ್ಲ. ಕಿಟಕಿಗಳಲ್ಲಿ ಬಿಳಿ ಹಾಸಿಗೆ ಬಟ್ಟೆ. ಒಂದು ಗುಂಡೂ ಹಾರಲಿಲ್ಲ, ಒಂದು ಹೆಂಚೂ ಒಡೆಯಲಿಲ್ಲ. ಲೆಫ್ಟಿನೆಂಟ್ ಹಾರ್ಮ್ ಟಾಡೆನ್ ಪಕ್ಕದ ಹಳ್ಳಿಯ ಲಿಂಡೆನ್ ಮರದಲ್ಲಿ ನೇತಾಡುತ್ತಾ ಸಿಕ್ಕಿದ. ಅಮೆರಿಕನ್ನರ ಕೈಗೆ ಸೆರೆಸಿಕ್ಕಿದ್ದ ಕಿಲಿಯಾನ್ ಬಿಡುಗಡೆಯಾಗಿ ಬಂದ ಮೇಲೆ ಅವನನ್ನು ಆ ಹಳ್ಳಿಯ ಗುಂಡಿಯಿಂದ ತೆಗೆಸಿ ನಮ್ಮೂರ ಸ್ಮಶಾನಕ್ಕೆ ತಂದು ಹೂಳಿಸಿದ. ಟ್ಯಾಂಕು ನಿಲ್ಲಬೇಕಾಗಿದ್ದ ಗೋಡೆಯ ಮರೆಯಲ್ಲೇ ಜಾಗ ಸಿಕ್ಕಿತು.

ಕಿಲಿಯಾನ್ ಮತ್ತೆ ಬಿಯರ್ ಗಾಡಿ ಹೊಡೆದ. ಮೊದಲು ಕುದುರೆ, ಆಮೇಲೆ ಲಾರಿ. ಹೋಟೆಲಿನಲ್ಲಿ ದ್ರಾಕ್ಷಾರಸದ ಮುಂದೆ ಕೂತವರು ಬಿಡದೆ ಕೇಳುತ್ತಿದ್ದರು, ಅವನು ಆ ಕಥೆ ಹೇಳುತ್ತಿದ್ದ. ಕೊಟ್ಟಿಗೆಗೆ ನುಗ್ಗಿದ್ದನ್ನು ನಗಿಸಿ ಹೇಳುತ್ತಿದ್ದ. ಪಾಪದ ಬಡಗಣ ಹುಡುಗ ಗಾಬರಿಯಲ್ಲಿ ಒಂದು ಪದ ಮರೆತ, ಊರು ಉಳಿಯಿತು, ಅವನು ಹೋದ ಎಂದು ಮುಗಿಸುತ್ತಿದ್ದ. ಎಲ್ಲರೂ ಛೆ ಎನ್ನುತ್ತಿದ್ದರು. ಹುಡುಗ ಮರೆತದ್ದು ತನಗೆ ಗೊತ್ತಿತ್ತು, ಗೊತ್ತಿದ್ದೂ ನೇರ ಹೋದೆ, ತಾನು ಮೋಸ ಮಾಡಿದ್ದಕ್ಕೆ ಆ ಹುಡುಗ ಜೀವ ತೆತ್ತ ಎಂಬುದನ್ನು ಮಾತ್ರ ಕುನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ವರ್ಷಗಳಾದ ಮೇಲೆ ಒಂದು ಭಾನುವಾರ ಪೊಶ್ಮನ್ ಹುಡುಕಿಕೊಂಡು ಬಂದ. ಅವನ ಸೈಲೀಸಿಯಾ ಈಗ ಬೇರೆ ದೇಶ, ಎಲ್ಲೋ ರೂರ್ ಕಡೆಯ ಗಣಿಯಲ್ಲಿ ದುಡಿಯುತ್ತಿದ್ದ. ಕುನಿ ಹಂದಿಮಾಂಸ ಹುರಿದು ಆಲೂಗಡ್ಡೆಯ ಉಂಡೆ ಬೇಯಿಸಿದಳು. ಊಟವಾದ ಮೇಲೆ ಇಬ್ಬರೂ ಸ್ಮಶಾನದ ಗೋಡೆಯ ಹತ್ತಿರ ಹೋಗಿ ನಿಂತರು.

"ಅದೊಂದು ಪದ ನೆನಪಿದ್ದಿದ್ರೆ ಹುಡುಗ ಬದುಕಿರ್ತಿದ್ದ" ಎಂದ ಕಿಲಿಯಾನ್. "ಗಾಬರೀಲಿ ಮರೆತುಬಿಟ್ಟ."

ಪೊಶ್ಮನ್ ಅವನನ್ನು ವಿಚಿತ್ರವಾಗಿ ನೋಡಿದ. "ಮರೆತ ಅಂತ ಯಾರಂದ್ರು ನಿನಗೆ?"

"ಹ್ಯೂ ಅಂದ್ರಲ್ಲೋ. ನೀನೂ ಕೇಳಿದೆ."

"ಕೇಳಿದೆ. ಅದಕ್ಕೆ ಮುಂಚೆ ಇನ್ನೊಂದು ಕೇಳಿದೆ, ನಿನಗೆ ಕೇಳಿಸಿರಲ್ಲ. ತಿರುವು ಬಂದಾಗ ಅವರು ಕೊರಳಿಗೆ ಕಟ್ಟಿದ್ದ ಮೈಕು ಕೈಲಿ ಸರಿಸಿಕೊಂಡ್ರು. ನನ್ನ ಕಿವಿ ಹತ್ರ ಬಗ್ಗಿ ಕೇಳಿದ್ರು, 'ಪೊಶ್ಮನ್, ಆವತ್ತು ಯಾವ ಪದಕ್ಕೆ ಇವರು ಕೊಟ್ಟಿಗೆಗೆ ನುಗ್ಗಿದ್ದು?' ಅಂತ. ನಾನು ಹೇಳಿದೆ. ಆಮೇಲೆ ಮೈಕು ಸರಿಮಾಡಿಕೊಂಡು ಅದನ್ನೇ ಕೂಗಿದ್ರು."

ಕಿಲಿಯಾನ್ ಗೋಡೆಗೆ ಕೈ ಕೊಟ್ಟು ನಿಂತುಕೊಂಡ. ಹಸಿರು ಬಾಗಿಲಿನಿಂದ ಕುನಿ ಕಾಫಿಗೆ ಕರೆದದ್ದು ಅವನಿಗೆ ಕೇಳಿಸಲಿಲ್ಲ. ಮುಖ ಒದ್ದೆಯಾಗಿತ್ತು.

ಆ ಸಂಜೆ ಹೋಟೆಲಿನಲ್ಲಿ ಹೊಸಬನೊಬ್ಬನಿಗೆ ಭಟ್ಟಿ ಯಜಮಾನ ಹುರುಪಿನಿಂದ ಹೇಳತೊಡಗಿದ, "ನಮ್ಮ ಕಿಲಿಯಾನನ ಬಾಯಲ್ಲೇ ಕೇಳಬೇಕು ನೀವು. ಆ ಬಡಗಣ ಹುಡುಗ ಪದ ಮರೆತ ಕಥೆ."

"ಮರೆತಿರಲಿಲ್ಲ" ಎಂದ ಕಿಲಿಯಾನ್.